ಕೈಗೆ ಸಿಗುವ ಮನೆ

ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: "ನಿಮ್ಮ ಮನೆಯಲ್ಲಿ ಕತ್ತರಿ ಎಲ್ಲಿದೆ?" ಬಹಳ ಮಂದಿ ನಕ್ಕುಬಿಡುತ್ತಾರೆ. ಕತ್ತರಿ ಮನೆಯಲ್ಲಿದೆ, ಅದು ಖರೆ. ಎಲ್ಲಿ ಎಂದು ಹೇಳಲು ಮಾತ್ರ ಬರುವುದಿಲ್ಲ. ಹೊಲಿಗೆ ಯಂತ್ರದ ಖಾನೆಯಲ್ಲಿ ಇರಬೇಕಾದದ್ದು ಹಾಲಿನ ಪಾಕೀಟು ಕತ್ತರಿಸಲು ಅಡಿಗೆಮನೆಗೆ ಹೋಗಿ, ಅಲ್ಲಿಂದ ಮಗನ ಶಾಲೆಯ ಚಿತ್ರದ ಹಾಳೆಯ ಸಂಗಡ ಪಡಸಾಲೆಗೆ ಬಂದು, ಕೊನೆಗೆ ಹಾಸಿಗೆಯ ಕೆಳಗೆ ಸಿಗುತ್ತದೆ. ಅದನ್ನು ಹುಡುಕುವ ಗಡಿಬಿಡಿಯಲ್ಲಿ ಇನ್ನೂ ನಾಲ್ಕು ಖಾನೆ ಚೆಲ್ಲಾಪಿಲ್ಲಿಯಾಗಿರುತ್ತವೆ. ಮುಂಜಾನೆ ಕಸ ಗುಡಿಸಿ ನೆಲ ಒರೆಸಿದ ಮನೆ ಮಧ್ಯಾಹ್ನದ ಹೊತ್ತಿಗೆ ಸಂತೆಯಾಗುವುದು ಹೀಗೆ.

ವಾರದ ಪುರವಣಿಗಳಲ್ಲಿ ಬರುವ ಕಿವಿಮಾತುಗಳನ್ನು ನಾನೂ ಓದುತ್ತೇನೆ. ತಾಮ್ರಕ್ಕೆ ಹುಣಸೆಹಣ್ಣು, ಕನ್ನಡಿಗೆ ಹಳೆಯ ಪತ್ರಿಕೆ. ಅವು ಸುಳ್ಳಲ್ಲ. ಆದರೆ ಅವೆಲ್ಲ ಧೂಳಿನ, ಕಲೆಯ ಮಾತು. ನಮ್ಮ ಬಾಗಲಕೋಟೆಯ ಕಡೆ 'ಹಸನ' ಎಂದು ಒಂದು ಮಾತಿದೆ. ಜೋಳ ಹಸನ ಮಾಡುವುದೂ ಹಸನವೇ, ಮನೆ ಹಸನ ಇಡುವುದೂ ಹಸನವೇ. ಜೋಳ ಹಸನ ಮಾಡುವಾಗ ಅದನ್ನು ಯಾರೂ ತೊಳೆಯುವುದಿಲ್ಲ. ಕಲ್ಲು ಒಂದು ಕಡೆ, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಮಾಡುತ್ತೇವೆ, ಅಷ್ಟೇ. ಮನೆಯ ಹಸನದ ಮುಕ್ಕಾಲು ಪಾಲೂ ಇದೇ ಕೆಲಸ. ಇದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಅದೂ ಅವರಿಗೆ ಕಣ್ಣು ಹೋದ ಮೇಲೆ.

ನಾನು ಸೊಸೆಯಾಗಿ ಬಂದದ್ದು ಹಳೆಯ ಬಾಗಲಕೋಟೆಯ ಮನೆಗೆ. ಘಟಪ್ರಭೆಯ ದಂಡೆಯ ಊರು, ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಬೆನ್ನು ಹಚ್ಚಿ ಕುಳಿತ ಮನೆಗಳು. ನಮ್ಮದು ಜಂತಿ, ತೊಲೆಗಳ ಮೇಲೆ ಮಣ್ಣು ಹಾಕಿದ ಮಾಳಿಗೆಯ ಮನೆ. ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ಗೋಡೆಯೋ, ಎರಡು ಮೊಳ ದಪ್ಪ. ಆ ಗೋಡೆಯಲ್ಲಿಯೇ ಮನೆಯ ಅರ್ಧ ಸಂಸಾರ ಇತ್ತು. ದೀಪಕ್ಕೊಂದು ಮಾಡ, ಕುಂಕುಮ ಹಣಿಗೆಗೊಂದು ಮಾಡ, ಎಲೆ ಅಡಿಕೆಗೊಂದು ಮಾಡ. ಅಂಗಿ ಧೋತರಕ್ಕೆ ಗೂಟ, ಒಗೆದ ಸೀರೆಗೆ ಗಳ, ಬೆಣ್ಣೆ ಮೊಸರಿಗೆ ನೆಲುವು. ಅಡಿಗೆಮನೆಯ ಮೂರು ಗೋಡೆಗೂ ನಾಗೊಂದಿ, ಅದರ ಮೇಲೆ ಸಾಲಾಗಿ ಡಬ್ಬಿಗಳು, ಮೂಲೆಯಲ್ಲಿ ಒಂದರ ಮೇಲೊಂದು ಕೂಡಿಸಿದ ಅಡಕಲ ಗಡಿಗೆ. ನೆಲದ ಮೇಲೆ ಇರುತ್ತಿದ್ದುದು ಬೀಸುವ ಕಲ್ಲು, ಒರಳು, ನೀರಿನ ಕೊಡಗಳು ಮಾತ್ರ. ಕಸಬರಿಗೆ ಹಿಡಿದರೆ ಮುಂಬಾಗಿಲಿನಿಂದ ಹಿತ್ತಲವರೆಗೆ ಎಲ್ಲಿಯೂ ತಡೆಯಿಲ್ಲದೆ ಗುಡಿಸಿಕೊಂಡು ಹೋಗಬಹುದಿತ್ತು.

ಆ ಮನೆ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಮಳೆಗಾಲ ಬಂತೆಂದರೆ ಮಾಳಿಗೆ ಎಲ್ಲಿ ಸೋರುತ್ತದೆ ಎಂದು ಪಾತ್ರೆ ಹಿಡಿದುಕೊಂಡು ತಿರುಗಬೇಕು. ಬೇಸಿಗೆಯಲ್ಲಿ ಜಂತಿಯ ಸಂದಿನಿಂದ ಮಣ್ಣು ಉದುರಿ ಅನ್ನದ ತಾಟಿಗೇ ಬೀಳುತ್ತಿತ್ತು. ಚೇಳು ಬಂದದ್ದೂ ಉಂಟು. ಹೆಂಡಿ ಕಲಸಿ ನೆಲ ಸಾರಿಸಿ ನಮ್ಮ ಅತ್ತೆಯ ಬೆರಳಿನ ಉಗುರು ಸವೆದಿದ್ದವು. ಆದರೂ ರಾತ್ರಿ ಕರೆಂಟು ಹೋದಾಗ ಕಡ್ಡಿಪೆಟ್ಟಿಗೆಗಾಗಿ ಯಾರೂ ತಡಕಾಡಿದ್ದು ನನಗೆ ನೆನಪಿಲ್ಲ.

ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನನ್ನ ಮದುವೆಗೂ ಮುಂಚಿನ ಮಾತು. "ಊರು ಮುಳುಗುತ್ತದಂತೆ" ಎಂಬುದನ್ನು ಕೇಳುತ್ತಲೇ ಒಂದು ತಲೆಮಾರು ಮುದಿಯಾಯಿತು. ಆಮೇಲೆ ಹಿನ್ನೀರು ನಿಜವಾಗಿಯೂ ಬಂತು; ಮುಳುಗುವವರಿಗಾಗಿ ಕಟ್ಟಿದ ನವನಗರಕ್ಕೆ ನಾವು 2001ರಲ್ಲಿ ಬಂದೆವು. ಈ ಊರಿನ ನಕಾಶೆಯನ್ನು 1980ರ ದಶಕದಲ್ಲಿ ತಯಾರಿಸಿದವರು ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ. ನವಮುಂಬೈ ಯೋಜನೆಯಲ್ಲೂ ಅವರ ಕೈಯಿತ್ತು. ಓಣಿಗೆ ಹೆಸರಿನ ಬದಲು ಸೆಕ್ಟರಿಗೆ ನಂಬರು ಬಂತು. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು. ನಕಾಶೆಯಲ್ಲಿ ಎಲ್ಲವೂ ಇತ್ತು. ಲಟ್ಟಣಿಗೆ ಎಲ್ಲಿ ಇಡಬೇಕು ಎಂಬುದು ನಕಾಶೆಯ ಮಾತಲ್ಲವಲ್ಲ!

ನಮ್ಮ ಮನೆ ಕಟ್ಟಿದ ಗೌಂಡಿ ಒಳ್ಳೆಯ ಕೆಲಸಗಾರ. ಟೀವಿ ಎಲ್ಲಿ ಬರುತ್ತದೆ ಎಂದು ನಮ್ಮವರನ್ನು ಕೇಳಿ ಅಲ್ಲಿ ಪ್ಲಗ್ಗು ಕೂಡಿಸಿದ. ಹೆಣ್ಣುಮಕ್ಕಳನ್ನು ಏನನ್ನೂ ಕೇಳಲಿಲ್ಲ. ಆ ರೂಢಿಯೇ ಇರಲಿಲ್ಲ. ಗಿಲಾಯಿ ಮಾಡಿ, ಬಣ್ಣ ಹಚ್ಚಿ, ಒಂದು ಗೂಟ ಹೊಡೆಯಲೂ ಮನಸ್ಸಾಗದಷ್ಟು ನುಣ್ಣಗಿನ ಗೋಡೆ. ಒಂದು ಟ್ರ್ಯಾಕ್ಟರ್ ತುಂಬ ಸಾಮಾನು ಬಂದು ಇಳಿಯಿತು. ಮಾಡದಲ್ಲಿದ್ದದ್ದು, ಗೂಟದಲ್ಲಿದ್ದದ್ದು, ನೆಲುವಿನಲ್ಲಿದ್ದದ್ದು ಎಲ್ಲ ನೆಲಕ್ಕೆ ಬಂತು. ನೆಲದಿಂದ ಕಿಟಕಿಯ ಕಟ್ಟೆಗೆ, ಕಟ್ಟೆಯಿಂದ ಟೀವಿಯ ತಲೆಯ ಮೇಲಕ್ಕೆ. ಹೊಸ ಮನೆಗೆ ಹೋದ ನಮ್ಮ ಕಡೆಯ ಅನೇಕ ಹೆಣ್ಣುಮಕ್ಕಳು ಇದನ್ನು ಕಂಡಿದ್ದಾರೆ. ಮನೆ ದೊಡ್ಡದಾಯಿತು, ಜಾಗ ಇಲ್ಲದಾಯಿತು.

ನಮ್ಮ ಅತ್ತೆಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಮೋತಿಬಿಂದು ಇರಬೇಕೆಂದು ತೋರಿಸಿದರೆ ಡಾಕ್ಟರು ಅದು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಬೇನೆ. ಬದಿಯ ನೋಟ ಮೊದಲು ಹೋಗುತ್ತದೆ, ನೋವಿರುವುದಿಲ್ಲ, ಹೋದ ನೋಟ ಮತ್ತೆ ಬರುವುದಿಲ್ಲ. ಔಷಧದ ಹನಿಯಿಂದ ಉಳಿದದ್ದನ್ನು ಕಾಯಬಹುದು, ಅಷ್ಟೇ. (ನಾಲ್ವತ್ತು ದಾಟಿದವರು ಕನ್ನಡಕದ ನಂಬರು ನೋಡಿಸುವಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ; ಮನೆತನದಲ್ಲಿ ಯಾರಿಗಾದರೂ ಇದ್ದರಂತೂ ತಪ್ಪದೆ.) ಹಳೆಯ ಮನೆಯಲ್ಲಿ ಅವರ ನೋಟ ಎಷ್ಟು ಹೋಗಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಅವರು ಕಣ್ಣಿನಿಂದ ಓಡಾಡುತ್ತಲೇ ಇರಲಿಲ್ಲವಲ್ಲ. ನವನಗರಕ್ಕೆ ಬಂದ ಎರಡು ತಿಂಗಳಲ್ಲಿ ಹೊರಸು ಹಿಡಿದು ಕುಳಿತರು. ನೀರು ಬೇಕಾದರೂ ಕರೆಯುವುದು, ಬಚ್ಚಲಕ್ಕೆ ಹೋಗಬೇಕಾದರೂ ಕರೆಯುವುದು. ಮೂವತ್ತು ವರ್ಷ ಒಂದು ಮನೆಯನ್ನು ನಡೆಸಿದ ಹೆಂಗಸು. ಒಂದು ಸಂಜೆ ಗೋಡೆಯ ಮೇಲೆ ಕೈಯಾಡಿಸುತ್ತ ಅಂದರು:

"ಯವ್ವಾ, ಆ ಮನ್ಯಾಗ ಗ್ವಾಡಿ ನನಗ ದಾರಿ ತೋರಸ್ತಿತ್ತು. ಇಲ್ಲಿ ಗ್ವಾಡಿ ಮ್ಯಾಲೆ ಕೈ ಜಾರತೈತಿ."

ಅವರ ಕೈಗೆ ಸಿಗುವ ಹಾಗೆ ಮನೆಯನ್ನು ಹೊಂದಿಸಬೇಕು ಎಂದು ಅಂದೇ ನಿಶ್ಚಯ ಮಾಡಿಕೊಂಡೆ. ಹಳೆಯ ಮನೆಯಿಂದ ಬಿಚ್ಚಿ ತಂದ ಕಟ್ಟಿಗೆಯಲ್ಲಿ ಅಡಿಗೆಮನೆಯ ನಾಗೊಂದಿಯ ಹಲಗೆಯೂ ಇತ್ತು. ಹಿತ್ತಲಲ್ಲಿ ಗೆದ್ದಲಿಗೆ ಕಾಯುತ್ತ ಬಿದ್ದಿತ್ತು. ಬಡಗಿಯನ್ನು ಕರೆಸಿ, ನಮ್ಮ ಅತ್ತೆಯನ್ನೇ ಅಡಿಗೆಮನೆಯಲ್ಲಿ ನಿಲ್ಲಿಸಿ, "ಅಲ್ಲಿ ಎಷ್ಟು ಎತ್ತರಕ್ಕಿತ್ತು, ತೋರಸ್ರಿ ಅತ್ತಿ" ಎಂದೆ. ಅವರು ಕೈ ಎತ್ತಿದರು. ಆ ಅಂಗೈಯ ಕೆಳಗೇ ಪೆನ್ಸಿಲಿನಿಂದ ಗೆರೆ ಎಳೆದು ಹಲಗೆ ಕೂಡಿಸಿದೆವು. ಬಣ್ಣ ಹಚ್ಚಿದ ಹೊಸ ಗೋಡೆಗೆ ಎಣ್ಣೆ ಹಿಡಿದ ಕರಿಯ ಹಲಗೆ! ನೋಡಲು ಏನೇನೂ ಚೆನ್ನಾಗಿರಲಿಲ್ಲ. ಬಂದವರು ಕೇಳಿಯೂ ಬಿಟ್ಟರು. ನಮ್ಮ ಅತ್ತೆ ಮಾತ್ರ ಅದರ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ, ಹಳೆಯ ಸುಟ್ಟ ಕಲೆಯ ಕುಳಿ ಬೆರಳಿಗೆ ಸಿಕ್ಕಿದಾಗ, "ಇದ ನೋಡ, ನಮ್ಮ ನಾಗೊಂದಿ" ಎಂದು ಅಲ್ಲಿಯೇ ನಿಂತರು.

ಉಳಿದದ್ದಕ್ಕೆ ಕಡಪಾ ಕಲ್ಲಿನ ಹಲಗೆ ಕೂಡಿಸಿದ್ದಾಯಿತು. ಎತ್ತರದ ಲೆಕ್ಕ ಇಷ್ಟೇ: ದಿನಾ ಬೇಕಾದದ್ದು ಮೊಣಕಾಲಿಗೂ ಭುಜಕ್ಕೂ ನಡುವೆ, ವಾರಕ್ಕೊಮ್ಮೆ ಬೇಕಾದದ್ದು ಅದರ ಕೆಳಗೆ, ಹಬ್ಬಕ್ಕೆ, ಮದುವೆಗೆ ಬೇಕಾದದ್ದು ಅಟ್ಟಕ್ಕೆ. ಭಾರವಾದದ್ದನ್ನು ಯಾವತ್ತೂ ತಲೆಗಿಂತ ಮೇಲೆ ಇಡಬಾರದು. ಸ್ಟೂಲು ಹತ್ತಿ ತೆಗೆಯಬೇಕಾದ ವಸ್ತುವನ್ನು ತಿರುಗಿ ಅಲ್ಲಿಗೆ ಇಡಲು ಬೇಸರ. ಹಾಗಾಗಿ ಅದು ಕಟ್ಟೆಯ ಮೇಲೆಯೇ ಬೀಡು ಬಿಡುತ್ತದೆ. ಒಂದೇ ಅಳತೆಯ ಹನ್ನೆರಡು ಸ್ಟೀಲಿನ ಡಬ್ಬಿ ಸಾಲಾಗಿ ಇಟ್ಟರೆ ಕಣ್ಣಿಗೆ ಚೆಂದ. ಕಣ್ಣಿದ್ದವರೂ ಅಲ್ಲಿ ಸಕ್ಕರೆಗಾಗಿ ಐದು ಮುಚ್ಚಳ ತೆಗೆಯುತ್ತಾರೆ! ನಾವು ಉಪ್ಪಿಗೆ ಭರಣಿ, ಸಕ್ಕರೆಗೆ ದುಂಡನೆಯ ಡಬ್ಬಿ, ಚಹಾಪುಡಿಗೆ ಚೌಕ ಡಬ್ಬಿ ಮಾಡಿದೆವು. ಬೇಳೆಗಳ ಡಬ್ಬಿಗೆ ದಾರ ಸುತ್ತಿದೆವು: ತೊಗರಿಗೆ ಒಂದು ಸುತ್ತು, ಕಡಲೆಗೆ ಎರಡು, ಹೆಸರಿಗೆ ಮೂರು.

ಹೆಂಗಸರು ಹೊಂದಿಸುವುದು ಸುಲಭ, ಗಂಡಸರು ಮಕ್ಕಳು ಅದನ್ನು ಪಾಲಿಸುವುದು ಕಷ್ಟ ಎಂದು ನೀವು ಹೇಳುತ್ತೀರಿ. ಅದು ಹೌದು. ಬರೀ "ಜಾಗದಲ್ಲಿ ಇಡ್ರಿ" ಎಂದು ನಾನು ಹೇಳಿದ್ದರೆ ಅದು ಹೆಂಡತಿಯ ಕಿರಿಕಿರಿಯಾಗುತ್ತಿತ್ತು. ಇಲ್ಲಿ ನಮ್ಮವರ ತಾಯಿ ಎಡವಿ ಬೀಳುವ ಮಾತು. ಒಮ್ಮೆ ಅರ್ಧ ತೆರೆದಿದ್ದ ಬಾಗಿಲಿನ ಅಂಚು ಅತ್ತೆಯ ಹಣೆಗೆ ಬಡಿಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಬಾಗಿಲು ಪೂರಾ ತೆರೆದಿರಬೇಕು, ಇಲ್ಲವೆ ಪೂರಾ ಮುಚ್ಚಿರಬೇಕು. ಕುರ್ಚಿಯಿಂದ ಎದ್ದವರು ಅದನ್ನು ಮೇಜಿನ ಒಳಗೆ ಸರಿಸಬೇಕು. ಚಪ್ಪಲಿ ಗೋಡೆಯ ಬದಿಯ ಕಟ್ಟೆಯ ಮೇಲೆ. ಶಾಲೆಯ ಚೀಲಕ್ಕೆ ಗೂಟ. ಓದಿದ ಪತ್ರಿಕೆ ಮಡಿಸಿ ಬುಟ್ಟಿಗೆ. ಯಾವುದನ್ನು ಎಲ್ಲಿಂದ ಎತ್ತಿದೆಯೋ ಅಲ್ಲಿಯೇ ಇಡು, ಎತ್ತಿದವರೇ ಇಡಬೇಕು. ನಮ್ಮವರು ಮದುವೆಯಾದ ಮೇಲೆ ಮೊದಲ ಸಲ ತಮ್ಮ ಟವೆಲು ತಾವೇ ಹಾಕಿದ್ದು ಆ ವರ್ಷ. ಹೆಣ್ಣಿನ ದುಡಿತದಿಂದ ಮನೆ ತೊಳೆದೀತು. ಹಸನಾಗಿ ಉಳಿಯಬೇಕಾದರೆ ಮನೆಯಲ್ಲಿದ್ದವರೆಲ್ಲರ ಕೈಯೂ ಬೇಕು.

ನಮ್ಮ ಅತ್ತೆ ಹೊರಸು ಬಿಟ್ಟು ಎದ್ದರು. ಮೊದಲು ತಮ್ಮ ನೀರು ತಾವೇ ತೆಗೆದುಕೊಂಡರು. ಆಮೇಲೆ ಮೊರ ಕೇಳಿದರು. ಕಾಳಿನಲ್ಲಿ ಕಲ್ಲು ಆರಿಸುವುದಕ್ಕೆ ಅವರ ಬೆರಳು ನನ್ನ ಕಣ್ಣಿಗಿಂತ ಚುರುಕು. ಒಣಗಿದ ಬಟ್ಟೆ ಮಡಿಸುವುದು, ಬೆಳ್ಳುಳ್ಳಿ ಸುಲಿಯುವುದು ಅವರ ಪಾಲಿಗೆ ಬಂತು. ಅದರ ಬೆನ್ನಿಗೆ ಮನೆಯ ಮೇಲುಸ್ತುವಾರಿಯೂ ಬಂತೆನ್ನಿ! ನಾಗೊಂದಿಯ ಮೇಲೆ ಬೆರಳು ಆಡಿಸಿ, ಧೂಳು ಹತ್ತಿದರೆ, "ಈ ವಾರ ಇತ್ತ ಕಡೆ ಯಾರೂ ಹಾದಿಲ್ಲೇನವಾ?" ಎನ್ನುವರು. ಕಣ್ಣಿದ್ದ ಅತ್ತೆಗಿಂತ ಕಣ್ಣಿಲ್ಲದ ಅತ್ತೆಯ ಕೈಯಲ್ಲಿ ನನಗೆ ಕೆಲಸ ಹೆಚ್ಚಾಯಿತು.

ಧೂಳಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮದು ಬಯಲು, ಆಷಾಢದಲ್ಲಿ ಪಡುವಣ ಗಾಳಿ ಎದ್ದರೆ ಮಸಾರಿ ಮಣ್ಣೆಲ್ಲ ಮನೆಯೊಳಗೆ. ಪಡುವಣ ಕಿಟಕಿಗಳನ್ನು ಗಾಳಿ ಏಳುವ ಮುಂಚೆಯೇ ಮುಚ್ಚಬೇಕು. ಬಾಗಿಲ ಹೊರಗೊಂದು ಗೋಣಿತಟ್ಟು, ಒಳಗೊಂದು ಹತ್ತಿಯ ಕಾಲೊರಸು ಇದ್ದರೆ ಅರ್ಧ ಮಣ್ಣು ಹೊರಗೇ ನಿಲ್ಲುತ್ತದೆ. ಒರೆಸುವುದು ಯಾವತ್ತೂ ಮೇಲಿನಿಂದ ಕೆಳಕ್ಕೆ: ಜೇಡರ ಬಲೆ, ಫ್ಯಾನು, ಕಪಾಟು, ಕೊನೆಗೆ ನೆಲ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಒತ್ತಿ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ, ತಲೆಯ ಮೇಲೆ ಬೀಳುವುದಿಲ್ಲ.

ಬೋರಿನ ಗಡಸು ನೀರು ನಳದ ಬಾಯಿಗೆ, ಕೊಡದ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತದೆ. ಅದು ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ಲಿಂಬೆರಸದಲ್ಲಿ ಅದ್ದಿದ ಅರಿವೆಯನ್ನು ನಳಕ್ಕೆ ಸುತ್ತಿ ಅರ್ಧ ತಾಸು ಬಿಟ್ಟು ಉಜ್ಜಿದರೆ ಸಾಕು. ಆದರೆ ಅದೇ ಹುಳಿ ಪರಸಿಗೆ ವೈರಿ. ನಮ್ಮ ಕಡೆ ಮನೆಗಳಿಗೆ ಹಾಸುವ ಶಹಾಬಾದಿನ ಪರಸಿ ಸುಣ್ಣದ ಕಲ್ಲು; ಸಿಮೆಂಟು ಮಾಡುವುದೂ ಸುಣ್ಣದ ಕಲ್ಲಿನಿಂದಲೇ. ಅದರ ಮೇಲೆ ಎಸಿಡ್ ಚೆಲ್ಲಿದರೆ ಕಲೆ ಹೋಗುವುದರ ಜತೆಗೆ ಕಲ್ಲಿನ ಹೊಳಪೂ ಹೋಗಿ ಮೈ ಒರಟಾಗುತ್ತದೆ, ಮುಂದೆ ಕೊಳೆ ಇನ್ನಷ್ಟು ಹಿಡಿಯುತ್ತದೆ. ನಿಮ್ಮ ನೆಲ ಯಾವುದೆಂದು ತಿಳಿಯದಿದ್ದರೆ ಮೂಲೆಯಲ್ಲಿ ಒಂದು ಹನಿ ಲಿಂಬೆರಸ ಹಾಕಿ ನೋಡಿ. ಬುರುಬುರು ನೊರೆ ಎದ್ದರೆ ಸುಣ್ಣದ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಈ ಭಯವಿಲ್ಲ. ಇನ್ನೊಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಸಂಡಾಸಿಗೆ ಹಾಕುವ ಎಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಕೂಡಿಸಬೇಡಿ. ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಮುಳುವಾಗಬಹುದು.

ನೀರು ಹಿಡಿದಿಡುವುದು ನಮ್ಮ ಸೀಮೆಯ ಹಳೆಯ ರೂಢಿ. ಡೆಂಗಿಯ ಸೊಳ್ಳೆಗೆ ಬೇಕಾದದ್ದು ಗಟಾರದ ನೀರಲ್ಲ. ನಮ್ಮ ಸ್ವಚ್ಛವಾದ ಕೊಡದ ನೀರೇ. ತತ್ತಿ ಸೊಳ್ಳೆಯಾಗಲು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆ, ಡ್ರಮ್ಮು ಖಾಲಿ ಮಾಡಬೇಕು. ಬರೀ ಚೆಲ್ಲಿದರೆ ಸಾಲದು. ತತ್ತಿ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿದ್ದು, ನೀರಿಲ್ಲದೆ ತಿಂಗಳುಗಟ್ಟಲೆ ತಾಳುತ್ತದೆ. ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಶುಕ್ರವಾರ.

ಬಾಗಲಕೋಟೆಯ ಹೋಳಿ ಹುಣ್ಣಿಮೆಯ ಬಣ್ಣದ ಬಗ್ಗೆ ಬೇರೆ ಹೇಳಬೇಕೆ? ಹಲಗೆಯ ಸಪ್ಪಳ ಕೇಳಿದರೆ ಮಕ್ಕಳನ್ನು ಕಟ್ಟಿಹಾಕಲು ಬರುವುದಿಲ್ಲ. ಬಣ್ಣದ ಬಂಡಿ ಹೊರಟರೆ ಊರಿಗೆ ಊರೇ ಕೆಂಪು ಹಸಿರು. ಅಂದು ನಮ್ಮ ಮನೆಯಲ್ಲಿ ಮುಂಬಾಗಿಲು ಬಂದ್, ಬಂದವರೆಲ್ಲ ಹಿತ್ತಲ ನಳದಿಂದಲೇ ಒಳಗೆ. ಬಣ್ಣ ಹತ್ತಿದ ಬಟ್ಟೆಗೆ ಮೊದಲು ತಣ್ಣೀರು, ಅದೂ ಬೇರೆ ಬಕೆಟ್ಟಿನಲ್ಲಿ.

ಸೀರೆಗಳ ವಿಷಯದಲ್ಲಿ ನಮ್ಮ ಅತ್ತೆಯದು ಬಲು ಕಟ್ಟುನಿಟ್ಟು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಜಾಗವನ್ನು ಅವರು ಬೆರಳಿನಿಂದ ಹುಡುಕಿ, ಮಡಿಕೆ ಅದರ ಮೇಲೆ ಬೀಳದಂತೆ ಮಡಿಸುತ್ತಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸುವುದು, ಹಳೆಯ ಧೋತರದ ಅರಿವೆಯಲ್ಲಿ ಸುತ್ತುವುದು, ನಡುವೆ ಒಣಗಿದ ಬೇವಿನೆಲೆ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಸೀರೆ ಉಸಿರುಗಟ್ಟುತ್ತದೆ ಎನ್ನುವರು. ಡಾಂಬರು ಗುಳಿಗೆ ಬಳಸುವವರು ಕೂಸುಗಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಅದರ ಬಟ್ಟೆಯನ್ನು ಗಾಳಿಗೆ ಹಾಕದೆ ಕೂಸಿಗೆ ಸುತ್ತಬೇಡಿ.

ಮಹಾನವಮಿಗೆ ಮುಂಚೆ ಮನೆಯ ಕೌದಿ, ಕಂಬಳಿ, ಜಮಖಾನಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ಪದ್ಧತಿ. ಹಳೆಯ ಊರಲ್ಲಿ ಅದೇ ಒಂದು ಜಾತ್ರೆ. ಬುತ್ತಿ ಕಟ್ಟಿಕೊಂಡು ಓಣಿಯ ಹೆಂಗಸರೆಲ್ಲ ಘಟಪ್ರಭೆಗೆ ಹೋಗುತ್ತಿದ್ದೆವು. ಬಂಡೆಯ ಮೇಲೆ ಕೌದಿ ಬಡಿದು, ಹಾಸಿ, ಒಣಗುವವರೆಗೆ ಹರಟೆ. ನವನಗರದ ಬಚ್ಚಲಲ್ಲಿ ಹಸಿಯಾದ ಒಂದು ಕೌದಿಯನ್ನು ಎತ್ತಲು ಇಬ್ಬರು ಬೇಕು. ನಾನು ಗಣಪತಿ ಹಬ್ಬ ಮುಗಿದದ್ದೇ ವಾರಕ್ಕೆ ಎರಡರಂತೆ ಶುರು ಮಾಡುತ್ತೇನೆ: ಹಿಂದಿನ ರಾತ್ರಿ ನೆನೆಹಾಕುವುದು, ಬೆಳಿಗ್ಗೆ ತುಳಿಯುವುದು, ಹಿಂಡದೆ ಮಾಳಿಗೆಯ ಕಟ್ಟೆಗೆ ಹಾಕಿ ನೀರು ತಾನೇ ಇಳಿಯಲು ಬಿಡುವುದು. ಕೌದಿ ಹಸನಾಗುತ್ತದೆ. ಹೊಳೆಯ ಹರಟೆ ಮಾತ್ರ ಬರಲಿಲ್ಲ. ನಮ್ಮ ಅತ್ತೆ ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು, ಯಾವ ಕೌದಿಯಲ್ಲಿ ಯಾರ ಸೀರೆ ಇದೆ ಎಂದು ತೇಪೆ ಮುಟ್ಟಿ ಮುಟ್ಟಿ ಹೇಳುತ್ತಿದ್ದರು.

ಮನೆಯಲ್ಲಿ ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು ಎಂಬುದೊಂದು ನಿಯಮ ಮಾಡಿಕೊಂಡಿದ್ದೇನೆ. ಖಾಲಿ ಡಬ್ಬಿ, ಪ್ಲಾಸ್ಟಿಕ್ ಚೀಲ, ಒಡೆದ ಬಕೆಟ್ಟು, "ಮುಂದೆ ಬೇಕಾದೀತು" ಎಂದು ಇಟ್ಟ ವಸ್ತು ಮುಂದೆ ಬೇಕಾದದ್ದನ್ನು ನಾನು ಕಂಡಿಲ್ಲ. ಅತ್ತೆಯ ಟ್ರಂಕಿಗೆ ಮಾತ್ರ ಈ ನಿಯಮ ಇರಲಿಲ್ಲ. ಮುದುಕರ ಒಂದು ಪೆಟ್ಟಿಗೆಯನ್ನು ಹಸನ ಮಾಡುವ ಉಸಾಬರಿಗೆ ಯಾರೂ ಹೋಗಬಾರದು ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಏನಿದೆಯೋ ಅವರಿಗೆ ಗೊತ್ತು, ಎಲ್ಲಿದೆ ಎಂಬುದೂ ಗೊತ್ತು.

ಅವರು ಹೋದದ್ದು 2012ರಲ್ಲಿ. ಕೊನೆಯ ಹದಿನೈದು ದಿನ ಬಿಟ್ಟರೆ ಬಚ್ಚಲಕ್ಕೆ ತಾವೇ ಹೋಗಿಬರುತ್ತಿದ್ದರು. ಬೇಳೆಯ ಡಬ್ಬಿಗಳ ದಾರವನ್ನು ನಾನು ಬಿಚ್ಚಿಲ್ಲ; ಈಗ ನನಗೂ ಸಂಜೆಯ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ನಮ್ಮವರಿಗೆ ಕುರ್ಚಿ ಸರಿಸುವ ರೂಢಿ ಹೋಗಿಲ್ಲ. ಈಚೆಗೆ ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದಾಗ, ಊಟ ಮುಗಿಸಿ ಎದ್ದವರು ತಮ್ಮ ಕುರ್ಚಿಯ ಸಂಗಡ ಉಳಿದ ಮೂರನ್ನೂ ಒಳಗೆ ಸರಿಸಿ, ಅರ್ಧ ತೆರೆದಿದ್ದ ಅಡಿಗೆಮನೆಯ ಬಾಗಿಲನ್ನು ಗೋಡೆಗೆ ಹಚ್ಚಿ, ಕೈ ತೊಳೆಯಲು ಹೋದರು.